ಎರಡು ಕಂಬಗಳ ನಡುವೆ ಜೋತಿಬಾ

ಜೋತಿಬಾನಿಗೆ ಯಾವುದನ್ನೂ ಅವಸರದಲ್ಲಿ ಆರಿಸಿ ಗೊತ್ತಿಲ್ಲ. ಒಮ್ಮೆ ಗಡಹಿಂಗ್ಲಜದ ಸಂತೆಯಲ್ಲಿ ಒಂದು ಟಗರು ಕೊಳ್ಳಬೇಕೆಂದು ನಾಲ್ಕು ವಾರ ಹೋದ. ಮೊದಲ ವಾರ ಅದರ ಹಲ್ಲು ನೋಡಿದ. ಎರಡನೆಯ ವಾರ ಗೊರಸು ನೋಡಿದ. ಮೂರನೆಯ ವಾರ ದೂರ ನಿಂತು ಅದು ಮೆಲುಕು ಹಾಕುವ ರೀತಿಯನ್ನು ನೋಡಿದ. ನಾಲ್ಕನೆಯ ವಾರ ಬೇರೆ ಊರಿನವನೊಬ್ಬ ಅದನ್ನು ಕೊಂಡು, ಹಗ್ಗ ಹಿಡಿದು ಎಳೆದುಕೊಂಡು ಹೋಗುವುದನ್ನು ನೋಡಿದ. ಮನೆಗೆ ಬಂದು ಹೆಂಡತಿಯ ಮುಂದೆ, “ಛಲೋ ಟಗರ ಇತ್ತು. ನಾ ಅಂದಕೊಂಡಾಂಗನ ಇತ್ತು” ಎಂದ. ತನ್ನ ಪರೀಕ್ಷೆ ತಪ್ಪಲಿಲ್ಲ ಎಂಬ ಸಮಾಧಾನ ಅವನ ಮುಖದಲ್ಲಿ ಕಾಣುತ್ತಿತ್ತು.

ಮದುವೆಯ ಕಥೆಯೂ ಹೀಗೆಯೇ. ಮುಕ್ತಾಬಾಯಿಯನ್ನು ನೋಡಲು ಹೋದವನು ಅವಲಕ್ಕಿ ತಿಂದು, ಚಹಾ ಕುಡಿದು, “ವಿಚಾರ ಮಾಡಿ ಹೇಳತೇನಿ” ಎಂದು ಎದ್ದು ಬಂದಿದ್ದ. ಏಳು ತಿಂಗಳಾದರೂ ಆ ವಿಚಾರ ಮುಗಿಯಲಿಲ್ಲ. ಕೊನೆಗೆ ಆಕೆಯ ತಂದೆ ತಾನೇ ಬಂದು, “ನಮ್ಮ ಹುಡುಗಿ ಹೂಂ ಅಂದಾಳ. ನೀ ಇನ್ನ ತ್ರಾಸ ತಗೋಬ್ಯಾಡ” ಎಂದು ಮುಹೂರ್ತ ಹೇಳಿ ಹೋದ. ಆ ದಿನದಿಂದ ಜೋತಿಬಾನ ಬಾಳು ಒಳ್ಳೆಯ ರೀತಿಯಲ್ಲೇ ಸಾಗಿತು. ಮಗ ಸ್ವಪ್ನಿಲ, ಮಗಳು ಕಾಜಲ, ನೂರಾ ಹತ್ತು ಕುರಿ. ಒಂದೊಂದು ಕುರಿಯ ಮುಖವೂ ಅವನಿಗೆ ಗುರುತಿತ್ತು.

ತೊಂದರೆ ಇದ್ದದ್ದು ಹೊಳೆಯದು. ಹಿರಣ್ಯಕೇಶಿಯ ದಂಡೆಗೆ ಅವರ ಮನೆ. ಎರಡು ಸಾವಿರದ ಹತ್ತೊಂಬತ್ತರ ಮಹಾಪೂರದಲ್ಲಿ ನೀರು ಗೋಡೆಯ ಮೇಲಿನ ದೇವರ ಮಾಡದ ತನಕ ಬಂತು. ಎರಡು ವರ್ಷ ಬಿಟ್ಟು ಮತ್ತೆ ಬಂತು. ಎರಡೂ ಸಲ ಜೋತಿಬಾ ಕುರಿಗಳನ್ನು ಹೊಡೆದುಕೊಂಡು ಮೇಲಿನ ಮಾಳಕ್ಕೆ ಹೋದ. ಮುಕ್ತಾಬಾಯಿ ಊರಿನ ಸಾಲೆಗೆ ಹೋದಳು. ನಾಲ್ಕನೆಯ ಇಯತ್ತೆಯ ಕೋಣೆಯಲ್ಲಿ ಹತ್ತೊಂಬತ್ತು ಹೆಂಗಸರು, ಹೊರಗೆ ಒಂದು ನಳ. ಮಾಡಲು ಬೇರೆ ಕೆಲಸವಿಲ್ಲದೆ ಮಕ್ಕಳು ದಿನವಿಡೀ ಗೋಡೆಯ ಮೇಲಿನ ಮಗ್ಗಿ ಒದರುತ್ತಿದ್ದವು. ಓದು ಬಾರದ ಮುಕ್ತಾಬಾಯಿಗೆ ಹದಿಮೂರರ ಮಗ್ಗಿ ಮರಾಠಿಯಲ್ಲಿ ಬಾಯಿಪಾಠವಾಯಿತು. ಸಿಟ್ಟು ಬಂದಾಗ ಈಗಲೂ ಅದನ್ನೇ ಹೇಳುತ್ತಾಳೆ. “ತೇರಾ ಚೋಕ ಬಾವನ್ನ” ಎಂದು ಕೇಳಿಸಿತೆಂದರೆ ಮನೆಯಲ್ಲಿ ಎಲ್ಲರೂ ಸುಮ್ಮನಾಗಬೇಕು.

ಈ ವರ್ಷ ಸಂಕ್ರಾಂತಿ ಮುಗಿದ ಮೇಲೆ ಆಕೆ ಒಂದು ಮಾತು ಹೇಳಿದಳು. “ನಿಮ್ಮ ಕುರಿಗಿ ಮಾಳಾ, ನನಗ ಸಾಲಿ. ಎರಡ ಸಲ ಆತು. ಮನಿ ಮ್ಯಾಲ ಎತ್ತಿ ಕಟ್ಟರಿ. ಮಿರಗಾ ಕೂಡೂದರಾಗ ಮ್ಯಾಲ ಹತ್ತಿ ಕುಂಡ್ರಾಕ ಜಾಗಾ ಆಗಲಿಲ್ಲಂದ್ರ ನಾ ಕಾಜಲನ ಮನಿಗಿ ಹೊಕ್ಕೇನಿ. ಹೊಳ್ಳಿ ಬರಾಂಗಿಲ್ಲ.”

ಮಿರಗ ಎಂದರೆ ಮೃಗಶಿರಾ ಮಳೆ. ಜೂನ್ ಏಳಕ್ಕೆ ಕೂಡುತ್ತದೆ. ಇನ್ನೂ ಐದು ತಿಂಗಳಿತ್ತು. ಜೋತಿಬಾನಿಗೆ ಅದು ಬಹಳ ಎನಿಸಿತು. “ಆತು, ವಿಚಾರ ಮಾಡತೇನಿ” ಎಂದ.

ಎಂಟು ಅಡಿ ಎತ್ತರದ ಒಂಬತ್ತು ಕಂಬ, ಅವುಗಳ ಮೇಲೆ ಮನೆ. ನೀರು ಬಂದರೆ ಕಂಬಗಳ ನಡುವೆ ಹಾದು ಹೋಗಲಿ. ನೀರು ಇಲ್ಲದಾಗ ಕೆಳಗೆ ಕುರಿಗಳು ಇರಲಿ. ಇಲ್ಲಿಯವರೆಗೆ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ನೆರೆಮನೆಯ ಮುದಕವ್ವ ಮಾತ್ರ, “ಹೊಲದಾಗ ಹಕ್ಕಿ ಓಡಸಾಕ ಅಟ್ಟ ಕಟ್ಟತಾರ. ಇಂವಾ ಸಂಸಾರಕ್ಕ ಅಟ್ಟ ಕಟ್ಟಾಕತ್ತಾನ” ಎಂದು ನಕ್ಕಳು. ಪ್ರಶ್ನೆ ಎದ್ದದ್ದು ಕಂಬ ಕಬ್ಬಿಣದ್ದೋ ಕಟ್ಟಿಗೆಯದೋ ಎಂಬಲ್ಲಿ.

ಸ್ವಪ್ನಿಲ ಗೋಕುಳ ಶಿರಗಾಂವದ ಒಂದು ಕಾರಖಾನೆಯಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಾನೆ, ಭಾನುವಾರ ಊರಿಗೆ ಬರುತ್ತಾನೆ. ಅವನಿಗೆ ಕಬ್ಬಿಣವೇ ಸೈ. ಆದರೆ ಊರಿನಲ್ಲಿ ಬಡಿಗ ಧೋಂಡಿಬಾ ಇದ್ದ. ಜೋತಿಬಾನಿಗಿಂತ ಎಂಟು ವರ್ಷ ದೊಡ್ಡವನು, ಊರಿನ ಅರ್ಧ ಬಾಗಿಲುಗಳನ್ನು ಕೂರಿಸಿದವನು. ಅವನ ಅಂಗಳದಲ್ಲಿ ಒಂದು ಹಳೆಯ ವಾಡೆ ಕೆಡವಿದಾಗ ತಂದ ಸಾಗವಾನಿ ತೊಲೆಗಳು ಮಲಗಿದ್ದವು. ಒಂದು ಭಾನುವಾರ ಇಬ್ಬರೂ ಜೋತಿಬಾನ ಕಟ್ಟೆಯ ಮೇಲೆ ಎದುರಾದರು.

“ಕಟಿಗಿ ಅಂದ್ರ ಒರಲಿ ಹತ್ತತೈತಿ, ಕಾಕಾ” ಎಂದ ಸ್ವಪ್ನಿಲ.

“ಕಬ್ಬಿಣಾ ಅಂದ್ರ ತುಕ್ಕ ಹತ್ತತೈತಿ, ತಮ್ಮಾ. ಒರಲಿ ಕಣ್ಣಿಗಿ ಕಾಣತೈತಿ, ಹೊಡೀಬಹುದು. ತುಕ್ಕ ಹೊಡಿಯಾಕ ಬರತೈತೇನು?”

“ಬಣ್ಣಾ ಬಡೀತೇವಿ.”

“ನಿನ್ನ ಮೋಟರಸಾಯಕಲ್ಲಿಗೂ ಬಣ್ಣಾ ಬಡದಾರ. ಅದರ ಸೈಲೆನ್ಸರ ನೋಡೇನಿ ನಾ. ರೊಟ್ಟಿ ತೂತ ಬಿದ್ದಾಂಗ ಆಗೇತಿ.”

ಸ್ವಪ್ನಿಲ ತನ್ನ ಗಾಡಿಯ ಕಡೆ ನೋಡಿದ. ಆಮೇಲೆ, “ನೀರಾಗ ನಿಂತ ಕಟಿಗಿ ಉಬ್ಬತೈತಿ” ಎಂದ.

“ಉಬ್ಬಲಿ. ಮನಶ್ಯಾನೂ ಉಬ್ಬತಾನ. ಇಳೀತೈತಿ.”

“ಅಪ್ಪಾ, ನೀ ಹೇಳು.”

ಜೋತಿಬಾ ಇಬ್ಬರ ಮಾತನ್ನೂ ಮನಸ್ಸಿಟ್ಟು ಕೇಳಿದ್ದ. ಇಬ್ಬರದೂ ಸರಿ ಎನಿಸಿತ್ತು. ಅದೇ ಅವನ ಕಷ್ಟ. ಯಾವಾಗಲೂ ಇಬ್ಬರದೂ ಸರಿ ಎನಿಸುತ್ತಿತ್ತು. ಅವನು ಕೊಟ್ಟಿಗೆಯ ಕಡೆ ನೋಡಿದ. ಅಲ್ಲಿ ಹಿಂಡಿನ ಹಿರಿಯ ಕುರಿ, ಕಪ್ಪು ಮುಖದ ಕರಿಮೋತಿ, ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಿತ್ತು.

ದೀವಳಿಗೆ ದಾಟಿದ ಮೇಲೆ ಸಂಕ್ರಾಂತಿಯ ತನಕ ಕುರುಬರು ಹಿಂಡು ಕಟ್ಟಿಕೊಂಡು ಊರೂರು ತಿರುಗುತ್ತಾರೆ. ಗೊಬ್ಬರಕ್ಕೆಂದು ರೈತರು ತಮ್ಮ ಹೊಲದಲ್ಲಿ ಕುರಿ ಕೂರಿಸಿಕೊಳ್ಳುತ್ತಾರೆ. ಹಾಗೆ ಹೊಸ ಜಾಗಕ್ಕೆ ಹೋದಾಗ ಗುಡಾರ ಎಲ್ಲಿ ಹೊಡೆಯಬೇಕೆಂಬುದನ್ನು ಜೋತಿಬಾನ ಮನೆತನದಲ್ಲಿ ಮನುಷ್ಯರು ಹೇಳುತ್ತಿರಲಿಲ್ಲ. ಹಿರಿಯ ಕುರಿ ತಾನಾಗಿ ಎಲ್ಲಿ ಕೂರುತ್ತದೆಯೋ ಅದರ ಪಕ್ಕ ಗೂಟ ಬಡಿಯಬೇಕು. ಅದು ಕೂರುವ ತನಕ ತಲೆಯ ಮೇಲಿನ ಗಂಟನ್ನು ಇಳಿಸುವಂತಿಲ್ಲ. ನಲವತ್ತು ವರ್ಷ ಈ ಪದ್ಧತಿ ಅವನಿಗೆ ಮೋಸ ಮಾಡಿರಲಿಲ್ಲ.

“ಕೆಳಗ ಇರೂದು ಕುರಿ” ಎಂದ ಜೋತಿಬಾ ನಿಧಾನವಾಗಿ. “ಕಂಬದ ಕೂಡ ಸಂಸಾರ ಮಾಡೂದು ಅವು. ಇಬ್ಬರೂ ಒಂದೊಂದ ಕಂಬ ತಂದ ಕೊಟ್ಟಿಗ್ಯಾಗ ನೆಡ್ರಿ. ಕರಿಮೋತಿ ಯಾವದಕ್ಕ ಒರಗಿ ಕುಂಡ್ರತೈತಿ, ಅದನ್ನ ಹಾಕೂಣು.”

ಅಡುಗೆಮನೆಯಿಂದ ಮೆಲ್ಲಗೆ ಒಂದು ದನಿ ಕೇಳಿತು. “ತೇರಾ ಏಕಂ ತೇರಾ.”

ಫೆಬ್ರುವರಿಯಲ್ಲಿ ಕಂಬಗಳು ಬಂದವು. ಸ್ವಪ್ನಿಲ ತಂದದ್ದು ಕೆಂಪು ಬಣ್ಣ ಬಳಿದ ಚೌಕ ಪೈಪು. ಧೋಂಡಿಬಾ ತಂದದ್ದು ಎಣ್ಣೆ ಕುಡಿದು ಕಪ್ಪಾದ ಸಾಗವಾನಿ. ಹತ್ತು ಹೆಜ್ಜೆ ಅಂತರದಲ್ಲಿ ಎರಡನ್ನೂ ನೆಟ್ಟರು. ಜೋತಿಬಾ ನಡುವೆ ಒಂದು ಕಲ್ಲು ಹಾಕಿಕೊಂಡು ಕುಳಿತ. ಕರಿಮೋತಿ ಮೊದಲ ದಿನ ಬಂದು, ಎರಡನ್ನೂ ಮೂಸಿ, ಜೋತಿಬಾನ ಕಲ್ಲಿಗೇ ಒರಗಿ ಕುಳಿತಿತು. ಅವನು ಕಲ್ಲನ್ನು ತೆಗೆದು, ನಿಂತುಕೊಂಡೇ ನೋಡಿದ.

ಮಾರ್ಚ್ ಹೋಯಿತು. ಬೆಳಗ್ಗೆ ಕುರಿಗಳು ಕಟ್ಟಿಗೆಗೆ ಮೈ ತಿಕ್ಕುತ್ತಿದ್ದವು. ಸಂಜೆ ಕಬ್ಬಿಣದ ಹತ್ತಿರ ಹೋಗುತ್ತಿದ್ದವು. ಮಧ್ಯಾಹ್ನದ ಬಿಸಿಲಿಗೆ ಕಬ್ಬಿಣ ಕಾದಿರುತ್ತಿದ್ದುದರಿಂದ ಆಗಿನ ಪರೀಕ್ಷೆಯನ್ನು ಹಿಡಿಯಬಾರದೆಂದು ಸ್ವಪ್ನಿಲ ಫೋನಿನಲ್ಲಿ ತಕರಾರು ಮಾಡಿದ. ಜೋತಿಬಾ ಒಪ್ಪಿದ. ಹಾಗಾದರೆ ಸಂಜೆಯ ತಂಪನ್ನೂ ಹಿಡಿಯಬಾರದೆಂದು ಧೋಂಡಿಬಾ ವಾದಿಸಿದ. ಅದಕ್ಕೂ ಒಪ್ಪಿದ. ಒಂದು ದಿನ ಎಳೆಯ ಟಗರೊಂದು ಓಡಿ ಬಂದು ಪೈಪಿಗೆ ಹಾಯ್ದಿತು. ಕಂಬ ಗಂಟೆಯ ಹಾಗೆ ಮೊಳಗಿತು. ನೂರಾ ಹತ್ತು ಕುರಿಗಳು ಬೇಲಿ ಹಾರಿ ಕಬ್ಬಿನ ಗದ್ದೆಗೆ ನುಗ್ಗಿದವು. ಅವುಗಳನ್ನು ಹೊರಗೆ ಹೊಡೆಯುವುದರಲ್ಲಿ ಒಂದು ದಿನ ಹೋಯಿತು.

ಊರಿನ ಜನ ದಿನಾ ಕೇಳತೊಡಗಿದರು. “ಜೋತಿಬಾ, ಸಾಹೇಬರ ನಿರ್ಣಯ ಬಂತೇನು?” ಸಾಹೇಬರೆಂದರೆ ಕರಿಮೋತಿ.

ಏಪ್ರಿಲ್ ಕೊನೆಗೆ ಸಾಹೇಬರು ಇದ್ದಕ್ಕಿದ್ದಂತೆ ಕಟ್ಟಿಗೆಯ ಕಡೆ ವಾಲಿದರು. ಮೂರು ದಿನ ಅಲ್ಲಿಂದ ಕದಲಲಿಲ್ಲ. ನಾಲ್ಕನೆಯ ದಿನ ಭಾನುವಾರ, ಸ್ವಪ್ನಿಲ ಬಂದು ಹೋದ. ಸೋಮವಾರ ಕರಿಮೋತಿ ಕಬ್ಬಿಣದ ಹತ್ತಿರವಿತ್ತು. ಜೋತಿಬಾನಿಗೆ ಕುರಿಯ ಬುದ್ಧಿ ಗೊತ್ತು. ಅದು ಹೀಗೆ ವಾರಕ್ಕೊಮ್ಮೆ ಮನಸ್ಸು ಬದಲಿಸುವ ಪ್ರಾಣಿಯಲ್ಲ. ಪೈಪಿನ ಹಿಂದೆ ಬಗ್ಗಿ ನೋಡಿದ. ಕೆಳಗೆ ತಂತಿಯಲ್ಲಿ ಒಂದು ಹಿಡಿ ಜಾಲಿಕಾಯಿ ಕಟ್ಟಿತ್ತು. ಕುರಿಗಳಿಗೆ ಅದಕ್ಕಿಂತ ರುಚಿಯಾದದ್ದು ಬೇರೆ ಇಲ್ಲ. ಮಗನ ಕೆಲಸ.

ಮಗ ಹೀಗೆ ಮಾಡಿದ್ದರೆ ಬಡಿಗ ಸುಮ್ಮನಿದ್ದಾನೆಯೇ? ಜೋತಿಬಾ ಸಾಗವಾನಿ ಕಂಬದ ಸುತ್ತ ಎರಡು ಸಲ ತಿರುಗಿದ. ಏನೂ ಕಟ್ಟಿರಲಿಲ್ಲ. ಆದರೆ ಮೊಣಕಾಲ ಎತ್ತರದಲ್ಲಿ ಕಟ್ಟಿಗೆ ನುಣ್ಣಗೆ ಹೊಳೆಯುತ್ತಿತ್ತು. ಅನುಮಾನ ಬಂತು. ಕೈಯಿಂದ ಮುಟ್ಟಿ ನೋಡಿದರೆ ತಿಳಿಯಲಿಲ್ಲ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಮೊಣಕಾಲೂರಿ, ರುಮಾಲು ಹಿಂದೆ ಸರಿಸಿ, ಕಂಬವನ್ನು ನೆಕ್ಕಿದ.

ಉಪ್ಪು.

ಒಂದೇ ಕಡೆಯ ಸಾಕ್ಷಿ ಸಾಲದೆಂದು ಇನ್ನೊಂದು ಬದಿಯನ್ನೂ ನೆಕ್ಕುತ್ತಿದ್ದಾಗ ಹಿಂದೆ ಬುಟ್ಟಿ ಇಟ್ಟ ಸಪ್ಪಳವಾಯಿತು. ಮುಕ್ತಾಬಾಯಿ ಹಿಕ್ಕೆ ಬಳಿಯಲು ಬಂದಿದ್ದಳು. ಆಕೆಯ ಪಕ್ಕದಲ್ಲಿ ಕರಿಮೋತಿ ನಿಂತಿತ್ತು. ಇಬ್ಬರೂ ಅವನನ್ನೇ ನೋಡುತ್ತಿದ್ದರು.

“ಉಪ್ಪ ಹಚ್ಚ್ಯಾನ ಧೋಂಡಿಬಾ” ಎಂದ ಜೋತಿಬಾ, ಬಾಯಿ ಒರೆಸಿಕೊಳ್ಳುತ್ತ.

ಮುಕ್ತಾಬಾಯಿ ಮಗ್ಗಿಯನ್ನೂ ಹೇಳಲಿಲ್ಲ. ಅದು ಅವನಿಗೆ ಹೆದರಿಕೆ ಹುಟ್ಟಿಸಿತು.

“ಮೇ ತಿಂಗಳ ಬಂತು” ಎಂದಳು ಆಕೆ. “ಐದ ತಿಂಗಳ ಕೊಟ್ಟಿದ್ದೆ. ಇನ್ನ ಉಳದದ್ದ ನಾ ನೋಡಬೇಕಂತ ಅನಸವಲ್ದು.”

ಮರುದಿನ ಬೆಳಗ್ಗೆ ಎಂಟರ ಬಸ್ಸಿಗೆ ಆಕೆ ಇಚಲಕರಂಜಿಯ ಶಹಾಪುರ ಭಾಗದಲ್ಲಿದ್ದ ಮಗಳ ಮನೆಗೆ ಹೊರಟುಹೋದಳು. ಹೋಗುವಾಗ ರೊಟ್ಟಿಯ ಹಂಚನ್ನು ಗಂಟಿನಲ್ಲಿ ಕಟ್ಟಿಕೊಂಡಳು. ಎರಡು ದಿನದ ಮಾತಿಗೆ ಯಾರೂ ಹಂಚು ಒಯ್ಯುವುದಿಲ್ಲ.

ಜೋತಿಬಾ ಮೊದಲ ದಿನ ಆಕೆ ತಿರುಗಿ ಬಂದಾಳೆಂದು ಕಾದ. ಎರಡನೆಯ ವಾರದ ಹೊತ್ತಿಗೆ ಮನೆ ಅವನ ಕೈ ಮೀರಿತ್ತು. ಬಿಳಿಕಿವಿ ಎಂಬ ಕುರಿ ಎರಡು ಮರಿ ಹಾಕಿ, ಒಂದಕ್ಕೆ ಹಾಲು ಕೊಡಲು ಒಲ್ಲೆ ಎನ್ನುತ್ತಿತ್ತು. ಮುಕ್ತಾಬಾಯಿ ಇಂಥ ಕುರಿಯ ಕಿವಿಯಲ್ಲಿ ಅದೇನೋ ಹೇಳುತ್ತಿದ್ದಳು, ಅದು ತೆಪ್ಪಗೆ ನಿಲ್ಲುತ್ತಿತ್ತು. ಜೋತಿಬಾ ಹದಿಮೂರರ ಮಗ್ಗಿ ಹೇಳಿ ನೋಡಿದ. ಒದ್ದಿತು. ನೂರಾ ಹತ್ತು ಮುಖಗಳನ್ನು ಗುರುತಿಡುವ ಅವನಿಗೆ ಮನೆಯಲ್ಲಿ ಸಕ್ಕರೆ ಎಲ್ಲಿದೆ ಎಂಬುದು ಗೊತ್ತಿರಲಿಲ್ಲ. ದಿನಾ ಎರಡು ಹೊತ್ತು ಮುದಕವ್ವನ ಮನೆಯಿಂದ ರೊಟ್ಟಿ ಬಂತು, ರೊಟ್ಟಿಯ ಜೊತೆ ಮಾತೂ ಬಂತು. “ಕಂಬಕ್ಕ ಉಪ್ಪ ಸಾಕಷ್ಟ ಐತಿ ಅಂತ. ಪಲ್ಯಾಕ್ಕೂ ಅಲ್ಲಿಂದನ ತಗೋ.”

ಮೇ ಇಪ್ಪತ್ತರಂದು ಕುರಿಗಳನ್ನು ಮುದಕವ್ವನ ಮನೆಯವರಿಗೆ ಒಪ್ಪಿಸಿ, ತೊಳೆದ ಧೋತರ ಉಟ್ಟು, ಅವನು ಶಹಾಪುರಕ್ಕೆ ಹೋದ.

ಅಳಿಯ ಧನರಾಜನದು ಕರೆಂಟಿನ ಎಂಟು ಮಗ್ಗಗಳ ಸಣ್ಣ ಶೆಡ್ಡು. ಕೆಳಗೆ ಮಗ್ಗ, ಮೇಲೆ ಕಬ್ಬಿಣದ ಗರ್ಡರಿನ ಮೇಲೆ ಮನೆ. ಹೊಲಿಗೆ ಯಂತ್ರದ ಮೇಲೆ ಮನೆ ಕಟ್ಟಿದರೆ ಹೇಗಿರುತ್ತದೋ ಹಾಗಿತ್ತು. ಜೋತಿಬಾ ಕುಳಿತ ಕೂಡಲೇ ಹಲ್ಲುಗಳು ಒಂದಕ್ಕೊಂದು ತಾಗತೊಡಗಿದವು. ಕಾಜಲ ತಂದಿಟ್ಟ ಚಹಾದ ಕಪ್ಪು ತಾಟಿನ ಮೇಲೆ ತಾನೇ ನಡೆದುಕೊಂಡು ಅಂಚಿಗೆ ಬಂತು. ಮುಕ್ತಾಬಾಯಿ ನೋಡದೆಯೇ ಅದನ್ನು ಬೆರಳಿನಿಂದ ಹಿಂದೆ ತಳ್ಳಿದಳು. ಆಕೆಯ ಕಣ್ಣ ಕೆಳಗೆ ಕಪ್ಪಾಗಿತ್ತು. ಕೈ ಸುಮ್ಮನಿದ್ದರೂ ಬಳೆಗಳು ಕಿಣಿಕಿಣಿ ಎನ್ನುತ್ತಿದ್ದವು. ಜೋತಿಬಾ ಬಾಯಿ ಆಡಿಸಿದ, ಮಗ್ಗಗಳ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಆಕೆ ಕಿವಿಯ ಕಡೆ ಕೈ ತೋರಿಸಿದಳು. ಮಾತು ಇಲ್ಲದೆ ಮುಕ್ಕಾಲು ತಾಸು ಕುಳಿತರು.

ಆಗ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಎಷ್ಟು ಶಾಂತವಾಯಿತೆಂದರೆ ಕೆಳಗೆ ಧನರಾಜ ಕೆಮ್ಮಿದ್ದು ಕೇಳಿಸಿತು.

“ಮಾತಾಡೂದಿದ್ರ ಈಗ ಮಾತಾಡ್ರಿ” ಎಂದಳು ಕಾಜಲ, ಕಪ್ಪು ಎತ್ತಿಕೊಂಡು ಒಳಗೆ ಹೋಗುತ್ತ. “ಒಮ್ಮೊಮ್ಮೆ ತಾಸ ಹೊಕ್ಕೈತಿ, ಒಮ್ಮೊಮ್ಮೆ ಐದ ಮಿಂಟಿನಾಗ ಬರತೈತಿ.”

ಜೋತಿಬಾ ಹತ್ತಿರ ಸರಿದ. “ಬಿಳಿಕಿವಿ ಎರಡ ಮರಿ ಹಾಕೇತಿ.”

“ಹೂಂ.”

“ಒಂದಕ್ಕ ಹಾಲ ಕೊಡವಲ್ದು.”

“ಹಿಂದಿನ ಎಡಗಾಲ ಹಿಡದ ಕುಡಸ್ರಿ.”

“ಹಿಡದೆ. ಒದಿತೈತಿ.”

“ಇದನ್ನ ಹೇಳಾಕ ಬಂದ್ರೇನು?”

ಜೋತಿಬಾ ಮೇಲಿನ ಬಲ್ಬನ್ನು ನೋಡಿದ. ಅರವತ್ತೊಂದು ವರ್ಷಗಳಲ್ಲಿ ಯಾರೂ ಅವನಿಗೆ ಒಂದು ವಾರಕ್ಕಿಂತ ಕಡಿಮೆ ಗಡುವು ಕೊಟ್ಟಿರಲಿಲ್ಲ. “ಈಗ ಕಬ್ಬಿಣದ್ದ ಒಂದ ಗುಣಾ ಐತಿ” ಎಂದು ಶುರುಮಾಡಿದ. “ಹಂಗ ನೋಡಿದ್ರ ಕಟಿಗೀದೂ…”

“ಕರೆಂಟ ಬರತೈತಿ ನೋಡ್ರಿ.”

ಕೆಳಗೆ ಧನರಾಜ ಯಾರಿಗೋ, “ಬಂತ ಬಂತ, ಬಾಜೂ ಗಲ್ಲಿಗಿ ಬಂತ” ಎಂದು ಕೂಗುತ್ತಿದ್ದ. ದೂರದ ಮಗ್ಗಗಳು ಒಂದೊಂದಾಗಿ ಶುರುವಾದವು.

“ನೀ ಹೇಳು” ಎಂದ ಜೋತಿಬಾ. “ಯಾವದ ಹಾಕೂಣು?”

ಮುಕ್ತಾಬಾಯಿ ಅವನನ್ನು ತಿರುಗಿ ನೋಡಿದಳು. “ನನ್ನ ಕೇಳತೀರೇನು?”

“ನಿನ್ನ ಬಿಟ್ಟ ಎಲ್ಲಾರನ್ನೂ ಕೇಳೇನಿ. ಕುರಿನೂ ಕೇಳೇನಿ.”

ಆಕೆಗೆ ವಿಚಾರ ಮಾಡುವ ಅಗತ್ಯ ಬೀಳಲಿಲ್ಲ. ತಿಂಗಳುಗಟ್ಟಲೆ ಬಾಯಲ್ಲಿ ಹಿಡಿದುಕೊಂಡಿದ್ದನ್ನು ಒಮ್ಮೆಲೇ ಹೇಳಿದಳು. “ಮಹಾಪೂರಾ ಹ್ವಾದ ಮ್ಯಾಲ ನಮ್ಮ ಬಾಗಲಾ ಉಬ್ಬಿ ದೀವಳಗಿ ತನಕಾ ಮುಚ್ಚಲಿಲ್ಲ. ಅದಕ್ಕ ಹೊಳಿ ಮುಟ್ಟೂ ಜಾಗಾಕ ಕಟಿಗಿ ಬ್ಯಾಡ, ಕಬ್ಬಿಣಾ ಹಾಕ್ರಿ. ಆದ್ರ ಹಿಕ್ಕಿ ಬಳಿಯೂ ನನ್ನ ಕಬ್ಬಿಣದ ಬುಟ್ಟಿ ವರ್ಸಕ್ಕ ಒಂದ ತಳಾ ಕಳಕೋತೈತಿ. ಕುರಿ ಉಚ್ಚಿ ತಿಂತೈತಿ ಅದನ್ನ. ಕಂಬಾನೂ ತಿಂತೈತಿ. ತೊಡಿಮಟಾ ಸಿಮೆಂಟ ಕಟ್ಟಿ, ಅದರ ಮ್ಯಾಲ ಕಬ್ಬಿಣಾ ನಿಂದರಸ್ರಿ. ನಾವ ನಡದಾಡೂದು ಕಟಿಗೀದ ಇರ್ಲಿ. ಇಲ್ಲಿ ಹದಿನೈದ ದಿನಾ ಕಬ್ಬಿಣದ ಮ್ಯಾಲ ಮಲಗೇನಿ, ಯಾರರೆ ಕೆಳಗ ಸೀನಿದ್ರೂ ನನ್ನ ಎಲಬಿಗಿ ಬರತೈತಿ. ಒಂದ ಟಗರ ಹಾಯ್ದ್ರ ನಾ ಎದ್ದ ಕುಂಡ್ರಬೇಕಾಕೈತಿ.”

ಜೋತಿಬಾ ಬಾಯಿ ತೆರೆದ. ವಿಚಾರ ಮಾಡತೇನಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದ.

“ಆತು” ಎಂದ.

ಬಲ್ಬು ಹತ್ತಿತು. ಎಂಟೂ ಮಗ್ಗಗಳು ಒಟ್ಟಿಗೆ ಹೊರಟವು. ಆಕೆಗೆ ಕೇಳಿಸಿತೋ ಇಲ್ಲವೋ ಎಂದು ಅವನು ಇನ್ನೊಮ್ಮೆ ಕೂಗಿ ಹೇಳಿದ; ಅದು ಅವನಿಗೇ ಕೇಳಿಸಲಿಲ್ಲ. ಆದರೆ ಮುಕ್ತಾಬಾಯಿ ಆಗಲೇ ಎದ್ದು, ಗೋಡೆಗೆ ಒರಗಿಸಿದ್ದ ಹಂಚನ್ನು ಸೀರೆಯ ತುಂಡಿನಲ್ಲಿ ಸುತ್ತುತ್ತಿದ್ದಳು.

ಆಮೇಲಿನ ಕೆಲಸ ಹದಿನೈದು ದಿನಗಳಲ್ಲಿ ಆಯಿತು. ಆಗಲು ಕಾರಣವಿತ್ತು: ತಾನೇ ಗೆಲ್ಲುತ್ತೇನೆಂಬ ಧೈರ್ಯದಲ್ಲಿ ಸ್ವಪ್ನಿಲ ಪೈಪುಗಳನ್ನೆಲ್ಲ ಮಾರ್ಚಿನಲ್ಲೇ ಕತ್ತರಿಸಿಟ್ಟಿದ್ದ. ಅದೇ ಧೈರ್ಯದಲ್ಲಿ ಧೋಂಡಿಬಾ ತೊಲೆ, ಹಲಗೆಗಳಿಗೆ ಉಜ್ಜುಗೊರಡು ಹೊಡೆದು ಇಟ್ಟಿದ್ದ. ಗಾರೆಯವರು ಒಂಬತ್ತು ಸಿಮೆಂಟಿನ ಪೀಠ ಕಟ್ಟಿದರು. ಅವು ಗಟ್ಟಿಯಾಗಲು ಬಿಟ್ಟು, ಮೇಲೆ ಕಬ್ಬಿಣ ನಿಲ್ಲಿಸಿದರು. ಅದರ ಮೇಲೆ ಧೋಂಡಿಬಾ ಹತ್ತಿದ.

“ಹೊರೂದು ನಂದು” ಎಂದ ಸ್ವಪ್ನಿಲ ಕೆಳಗಿನಿಂದ.

“ಹೂಂ, ಹೊರು” ಎಂದ ಧೋಂಡಿಬಾ ಮೇಲಿನಿಂದ. “ಕುಂಡ್ರೂದು ನಂದು.”

ಇಬ್ಬರೂ ತಾವೇ ಗೆದ್ದೆವೆಂದು ಊರಲ್ಲಿ ಹೇಳಿಕೊಂಡು ತಿರುಗಿದರು. ಜೋತಿಬಾ ಇಬ್ಬರಿಗೂ ಹೌದೆಂದ.

ಜೂನ್ ಆರರ ಮಧ್ಯಾಹ್ನ ಕೊನೆಯ ಹಲಗೆಗೆ ಮೊಳೆ ಬಿತ್ತು. ತಗಡು ಹೊದಿಸಿ ಆಗಿತ್ತು. ಗೋಡೆ ಇರಲಿಲ್ಲ, ಮೆಟ್ಟಿಲು ಇರಲಿಲ್ಲ. ಒಂದು ಏಣಿ ಇತ್ತು. ಗೋಡೆ ಆಗಲಿ, ನಾಲ್ಕು ದಿನ ತಡೆ ಎಂದು ಎಲ್ಲರೂ ಹೇಳುತ್ತಿದ್ದಾಗಲೇ ಮುಕ್ತಾಬಾಯಿ ಸೆರಗು ಬಿಗಿದು ಏಣಿ ಹತ್ತಿದಳು. ಸುತ್ತ ಬಯಲೇ ಇದ್ದ ಹಲಗೆಯ ನಡುವೆ ಹೊಳೆಗೆ ಮುಖ ಮಾಡಿ ಕುಳಿತಳು.

“ಹಕ್ಕಿ ಎಷ್ಟ ಓಡಿಸಿದಿ?” ಎಂದು ಕೇಳಿದಳು ಮುದಕವ್ವ ಕೆಳಗಿನಿಂದ.

“ಹೊಳಿ ಓಡಸಾಕತ್ತೇನಿ, ಅತ್ತಿ. ಒಲಿ ಕೊಡಾಕ ಹೇಳ್ರಿ ಅವರಿಗಿ.”

ಜೋತಿಬಾ ಏಣಿಯ ಕೆಳಗೆ ನಿಂತು ಗ್ಯಾಸಿನ ಒಲೆ ಕೊಟ್ಟ. ಹಂಚು ಕೊಟ್ಟ. ನೀರಿನ ಕೊಡವನ್ನು ಸ್ವಪ್ನಿಲ ಹೆಗಲ ಮೇಲೆ ಏರಿಸಿದ. ಹಿಟ್ಟಿನ ಡಬ್ಬಿ ಯಾವುದೆಂದು ಜೋತಿಬಾನಿಗೆ ಗೊತ್ತಿಲ್ಲದ್ದರಿಂದ ಮೂರು ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ತೋರಿಸಿದ. “ಅದಲ್ಲ. ಅದೂ ಅಲ್ಲ. ಅದ” ಎಂದು ಮೇಲಿನಿಂದ ದನಿ ಬಂತು.

ಪಶ್ಚಿಮದ ಕಡೆ ಮೋಡ ಕಟ್ಟಿತ್ತು. ಸ್ವಪ್ನಿಲ ಕುರಿಗಳನ್ನು ಕಂಬಗಳ ನಡುವೆ ಹೊಡೆದ. ಮೇಲೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಹಲಗೆಗಳ ಸಂದಿಯಲ್ಲಿ ಜೋಳದ ಹಿಟ್ಟು ಸಣ್ಣಗೆ ಉದುರಿ ಕರಿಮೋತಿಯ ಬೆನ್ನಿನ ಮೇಲೆ, ಜೋತಿಬಾನ ರುಮಾಲಿನ ಮೇಲೆ ಬಿತ್ತು.

“ಸಂದಿ ಭಾಳ ಅದಾವಲ್ಲೋ ಧೋಂಡಿಬಾ” ಎಂದ ಜೋತಿಬಾ.

“ಮಳಿ ಬಿದ್ರ ಕಟಿಗಿ ಉಬ್ಬಿ ಕೂಡಕೋತಾವ. ನಾಳಿ ಏನೂ ಬೀಳೂದಿಲ್ಲ. ಬಾಜೂಕ ಸರಿ.”

ಜೋತಿಬಾ ಸರಿಯಲಿಲ್ಲ. ಒಂದು ಸಂದಿಯಲ್ಲಿ ಮುಕ್ತಾಬಾಯಿಯ ಹಿಮ್ಮಡಿ ಕಾಣುತ್ತಿತ್ತು, ಅದು ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಅವನು ಕತ್ತೆತ್ತಿ ಅದರ ಕೆಳಗೇ ನಿಂತುಕೊಂಡ. ಹುಬ್ಬು ಮೀಸೆ ಎಲ್ಲ ಬೆಳ್ಳಗಾದವು.